ಕೆಂಬಾಳೆಯ ಸಲಹೆಗಾರ್ತಿ

ಮೋಮಿನಪುರದ ಇಕ್ಬಾಲ್ ಬೇಗಂ ಅವರ ಪಡಸಾಲೆಯಲ್ಲಿ ಒಂದು ದಪ್ಪ ಹಸಿರು ಪರದೆ ಇಳಿಬಿದ್ದಿರುತ್ತಿತ್ತು. ಪರದೆಯ ಈಚೆ ಕಲಬುರಗಿಯ ವ್ಯಾಪಾರಸ್ಥರು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ತಮ್ಮ ತೊಡಕು ಹೇಳಿಕೊಳ್ಳುತ್ತಿದ್ದರು. ಆಚೆ ಬೇಗಂ ಕೂತು ಕೇಳುತ್ತಿದ್ದರು. ನಿಜಾಮರ ರಾಜ್ಯಕ್ಕೆ ರೈಲು ಬಂದು, ಗಿರಣಿ ಬಂದು, ಊರಿನ ವ್ಯಾಪಾರ ಮುಂಬೈ ಹೈದರಾಬಾದುಗಳ ಜೊತೆ ಬೆರೆತುಹೋಗಿದ್ದ ಕಾಲ ಅದು. ಊರಲ್ಲೇ ಕೊಂಡು ಊರಲ್ಲೇ ಮಾರಿ ಬೆಳೆದವರಿಗೆ ದೂರದ ಪೇಟೆಯ ನಡೆ ಅರ್ಥವಾಗುತ್ತಿರಲಿಲ್ಲ. ಅಂಥವರಿಗೆ ಬೇಗಂ ಸಲಹೆ ಹೇಳುತ್ತಿದ್ದರು. ಹಂಗಾಮಿಗೆ ಇಷ್ಟು ಎಂದು ಸಂಭಾವನೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತಿದ್ದರು. ಲಾಭದಲ್ಲಿ ಪಾಲು ಕೊಡುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪುತ್ತಿರಲಿಲ್ಲ. ಪಾಲು ತೆಗೆದುಕೊಂಡವರ ನಾಲಿಗೆ 'ಇನ್ನಷ್ಟು ಮಾರು' ಎನ್ನುವ ಕಡೆಗೇ ಹೊರಳುತ್ತದೆ ಎಂಬುದು ಅವರ ಮಾತಾಗಿತ್ತು.

ಈ ವಿದ್ಯೆ ಅವರಿಗೆ ತಂದೆಯಿಂದ ಬಂದದ್ದು. ತಂದೆ ಮುಂಬೈಯ ಹಣ್ಣಿನ ಪೇಟೆಯಲ್ಲಿ ದಲಾಲರು. ಗಂಡುಮಕ್ಕಳಿಲ್ಲದ ಅವರು ಮಗಳನ್ನು ಅಂಗಡಿಯ ಗಾದಿಯ ಹಿಂದೆ ಜಾಲರಿಯೊಳಗೆ ಕೂರಿಸಿಕೊಂಡು ಪೇಟೆಯ ಒಳಹೊರಗನ್ನು ಕಲಿಸಿದರು. ಮದುವೆಯಾಗಿ ಕಲಬುರಗಿಗೆ ಬಂದ ಮೇಲೆ ಹತ್ತಿ ವ್ಯಾಪಾರಿಯಾಗಿದ್ದ ಗಂಡನ ದೃಷ್ಟಿ ಮಂದವಾಯಿತು. ಅವರ ವ್ಯವಹಾರವನ್ನೆಲ್ಲ ಬೇಗಂ ಒಳಗಿನಿಂದಲೇ ನಡೆಸಿದರು. ಗಂಡ ತೀರಿಕೊಂಡಾಗ ವ್ಯಾಪಾರ ಮುಚ್ಚಿದರು, ಆದರೆ ಕೇಳಲು ಬರುವವರು ನಿಲ್ಲಲಿಲ್ಲ.

ಬಂದವರೆಲ್ಲ ಗಂಡಸರೇ. ಪರದೆ ಸರಿಸಿ ಒಳಗೆ ಹೋಗಿ ಬೇಗಂ ಅವರ ಎದುರಿಗೇ ಕೂತು ಮಾತಾಡಿದ ಮೊದಲ ವ್ಯಾಪಾರಸ್ಥೆ ಕಮಲಾಪುರದ ಶಿವಕಾಂತಮ್ಮ.

ಶಿವಕಾಂತಮ್ಮನದು ಬಾಳೆಯ ತೋಟ. ಕಮಲಾಪುರದ ಕೆಂಬಾಳೆ ಎಂದರೆ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಕೆಂಪು ಸಿಪ್ಪೆ, ಕೆನೆಬಣ್ಣದ ತಿರುಳು, ಒಂದು ಹಣ್ಣು ತಿಂದರೆ ಇನ್ನೊಂದಕ್ಕೆ ಹೊಟ್ಟೆಯಲ್ಲಿ ಜಾಗವಿಲ್ಲ, ಅಷ್ಟು ದಪ್ಪ. ಗಂಡ ಅಣವೀರಪ್ಪ ಹೋದ ಮೇಲೆ ಮೈದುನ ದೌಲಪ್ಪನನ್ನು ಜೊತೆಗಿಟ್ಟುಕೊಂಡು ಆಕೆ ತೋಟ ನಡೆಸುತ್ತಿದ್ದಳು. ದೌಲಪ್ಪ ಮೈಗಳ್ಳನಲ್ಲ, ಕೆಟ್ಟವನೂ ಅಲ್ಲ. ಆದರೆ ಬಾಳೆಯ ಮೇಲೆ ಅವನಿಗೆ ನಂಬಿಕೆ ಉಳಿದಿರಲಿಲ್ಲ. ಕಲಬುರಗಿಯ ಪೇಟೆ ಚಿಕ್ಕದು, ಎಲ್ಲರ ಹಣ್ಣೂ ಒಂದೇ ವಾರ ಅಲ್ಲಿಗೆ ಬಂದು ಬೀಳುತ್ತಿತ್ತು. ಹೈದರಾಬಾದಿಗೆ ಕಳಿಸಿದರೆ ಅರ್ಧಕ್ಕರ್ಧ ಕಪ್ಪಾಗಿ ಇಳಿಯುತ್ತಿತ್ತು. ಬಾಳೆ ಕಿತ್ತು ಹತ್ತಿ ಹಾಕೋಣ, ಗಿರಣಿಯವರು ಬಾಗಿಲಿಗೇ ಬಂದು ಒಯ್ಯುತ್ತಾರೆ ಎಂದು ಅವನು ವರ್ಷದಿಂದ ಹೇಳುತ್ತಿದ್ದ. ಮುಂದಿನ ಯುಗಾದಿಯವರೆಗೆ ತಡೆ, ಆಮೇಲೆ ನಿನ್ನ ಮಾತು ಕೇಳುತ್ತೇನೆ ಎಂದು ಶಿವಕಾಂತಮ್ಮ ಒಪ್ಪಿಸಿದ್ದಳು. ತಡೆದು ಏನು ಮಾಡಬೇಕು ಎನ್ನುವುದು ಆಕೆಗೂ ಗೊತ್ತಿರಲಿಲ್ಲ.

ಕಲಬುರಗಿ ಸ್ಟೇಷನ್ನಿನ ಮಾಲು ಕಚೇರಿಯಲ್ಲಿ ಹಣಮಂತರಾಯ ಎಂಬ ಗುಮಾಸ್ತರಿದ್ದರು. ಕಪ್ಪಾದ ಹಣ್ಣಿನ ದೂರು ತಂದ ಶಿವಕಾಂತಮ್ಮನಿಗೆ, ರೈಲಿನ ಮೇಲೆ ಸಿಟ್ಟಾಗಿ ಫಾಯದೆ ಇಲ್ಲ, ಮೋಮಿನಪುರದ ಬೇಗಂ ಅವರನ್ನು ಕಂಡು ಬನ್ನಿ ಎಂದು ಹೇಳಿದವರು ಅವರೇ.

ಔಷಧಿ ಕೇಳಲು ಹಕೀಮರ ಮನೆಗೆ ಹೋದ ಹಾಗೆ ಆಕೆ ಹೋದಳು. ಕೇಳಿದ ಕೂಡಲೇ ಉಪಾಯ ಸಿಗುತ್ತದೆ, ಕಟ್ಟಿಕೊಂಡು ಬಂದುಬಿಡಬಹುದು ಎಂದುಕೊಂಡಿದ್ದಳು. ಬೇಗಂ ಅವರ ತಂಗಿಯ ಮಗಳು ಜಾಹೇದಾ ಪರದೆ ಎತ್ತಿ ಒಳಗೆ ಕರೆದಳು. ಒಳಗೆ ಬಿಳಿ ಕೂದಲಿನ, ತೆಳ್ಳನೆಯ, ಅಡಿಕೆ ಕತ್ತರಿಸುತ್ತ ಕೂತ ಹೆಂಗಸು. ಶಿವಕಾಂತಮ್ಮ ಹಣ್ಣಿನ ಕತೆ, ರೈಲಿನ ಕತೆ, ಮೈದುನನ ಕತೆ ಎಲ್ಲ ಹೇಳಿದಳು. ಬೇಗಂ ಎಲ್ಲವನ್ನೂ ಕೇಳಿಸಿಕೊಂಡರು. ಮುಗಿದ ಮೇಲೆ ಕೇಳಿದರು:

"ನಿಮಗ ಬೇಕಾಗಿದ್ದು ಏನ್ರೀ?"

"ಹಣ್ಣು ಕೆಡಬಾರ್ದು."

"ಅದು ಎಲ್ಲಾರಿಗೂ ಬೇಕು. ಹಣ್ಣು ಕೆಡದಂಗ ಆತು ಅಂತ ತಿಳ್ಕೋರಿ. ಆಮ್ಯಾಲ ಏನು?"

ಶಿವಕಾಂತಮ್ಮ ಅಡಿಕೆಯ ಚೂರು ತಟ್ಟೆಗೆ ಬೀಳುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ತೋಟ ತೋಟವಾಗಿಯೇ ಇರಬೇಕು, ಆ ನೆಲ ಹತ್ತಿಯ ಹೊಲ ಆಗುವುದನ್ನು ನಾನು ನೋಡಲಾರೆ ಎಂದಳು. ಹೇಳುವವರೆಗೂ ಅದು ತನ್ನ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿದೆ ಎಂದು ಆಕೆಗೇ ತಿಳಿದಿರಲಿಲ್ಲ.

ಬೇಗಂ ತಲೆ ಆಡಿಸಿದರು. ಇದಾದರೆ ಬೇರೆ ಕೆಲಸ, ಇದಕ್ಕೆ ಬೇರೆ ದಾರಿ ಎಂದರು. ತೋಟ ನೋಡದೆ, ಹಣ್ಣಿನ ಜೊತೆ ದಾರಿ ನಡೆಯದೆ ತಾನು ಏನನ್ನೂ ಹೇಳುವುದಿಲ್ಲ, ನೋಡಿ ಹೇಳಿದ ಮೇಲೂ ಮಾಡುವುದು ಬಿಡುವುದು ನಿಮ್ಮ ಕೈಯಲ್ಲಿ ಎಂದರು. ಸಂಭಾವನೆಯ ಮಾತು ಮುಗಿಯಿತು. ಶಿವಕಾಂತಮ್ಮ ಉಪಾಯ ಸಿಗದೆ ಬರಿಗೈಯಲ್ಲಿ ಹೊರಗೆ ಬಂದಳು. ಆದರೂ ಊರಿಗೆ ಮರಳುವ ಬಂಡಿಯಲ್ಲಿ ಮನಸ್ಸು ಹಗುರಾಗಿತ್ತು.

ಹೇಳಿದ ವಾರವೇ ಬೇಗಂ ಪರದೆ ಕಟ್ಟಿದ ಬಂಡಿಯಲ್ಲಿ ಜಾಹೇದಾಳನ್ನು ಕರೆದುಕೊಂಡು ಕಮಲಾಪುರಕ್ಕೆ ಬಂದರು. ಬಂಡಿಯಲ್ಲಿ ಒಂದು ಇಡೀ ಹಗಲಿನ ದಾರಿ. ದೌಲಪ್ಪ ಮೊದಲೇ ಮುಖ ಗಂಟು ಹಾಕಿಕೊಂಡಿದ್ದ. ಬಾಳೆಗಿಡಕ್ಕೆ ನೀರು ಹಾಯಿಸಿ ಗೊತ್ತಿಲ್ಲದವರು ಬಾಳೆಯ ಬಗ್ಗೆ ಪಾಠ ಹೇಳಲು ಬಂದರು ಎಂದು ಆಳುಗಳ ಮುಂದೆ ಅಂದಿದ್ದ. ಬೇಗಂ ಪಾಠ ಹೇಳಲಿಲ್ಲ. ಬುರ್ಖಾದೊಳಗಿಂದಲೇ ತೋಟದ ಅಂಚಿನಲ್ಲಿ ಒಂದು ಕಡೆ ಕೂತು, ಗೊನೆ ಕಡಿಯುವುದು, ಹೊರುವುದು, ರಾಶಿ ಹಾಕುವುದು, ಬಂಡಿ ತುಂಬುವುದು ಎಲ್ಲ ನೋಡಿದರು. ದೌಲಪ್ಪನನ್ನು ಕರೆಸಿ, ಈ ಸಾಲಿನ ಗಿಡ ಯಾಕೆ ಎತ್ತರ, ಆ ಸಾಲಿನದು ಯಾಕೆ ಗಿಡ್ಡ, ಗಾಳಿ ಯಾವ ತಿಂಗಳು ಯಾವ ಕಡೆಯಿಂದ ಎಂದು ಕೇಳಿದರು. ಅವನು ಮೊದಲು ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಎದುರಿಗೆ ಕುಕ್ಕರಗಾಲಲ್ಲಿ ಕೂತು, ತನ್ನ ಅಣ್ಣ ನೀರಿನ ಕಾಲುವೆ ತಿರುಗಿಸಿದ ಸಂಗತಿಯನ್ನು ಉದ್ದಕ್ಕೆ ಹೇಳುತ್ತಿದ್ದ.

ಹಣ್ಣಿನ ಬಂಡಿ ಕಲಬುರಗಿಗೆ ಹೊರಟಾಗ ಬೇಗಂ ಅವರ ಬಂಡಿ ಶಿವಕಾಂತಮ್ಮನನ್ನೂ ಕೂರಿಸಿಕೊಂಡು ಅದರ ಬೆನ್ನಿಗೇ ಹೊರಟಿತು. ಆ ಬಂಡಿ ನಿಂತಲ್ಲಿ ಇದೂ ನಿಂತಿತು. ಮಹಾಗಾಂವದ ಬಳಿ ಬಂಡಿಯವನು ಎತ್ತು ಬಿಟ್ಟು ತಾನು ಮರದ ನೆರಳಿಗೆ ಹೋದ. ಎತ್ತಿಗೂ ನೆರಳು ಸಿಕ್ಕಿತು. ಹಣ್ಣಿನ ಬಂಡಿ ಮಾತ್ರ ಬಿಸಿಲಲ್ಲೇ, ದಪ್ಪ ಗೋಣಿತಟ್ಟು ಹೊದ್ದುಕೊಂಡು ನಿಂತಿತ್ತು. ಬೇಗಂ ಇಳಿದು ಹೋಗಿ ತಟ್ಟಿನ ಕೆಳಗೆ ಕೈ ತೂರಿಸಿದರು. ಆಮೇಲೆ ಶಿವಕಾಂತಮ್ಮನ ಕೈ ಹಿಡಿದು ಅದನ್ನೂ ಅಲ್ಲಿಗೇ ತೂರಿಸಿದರು. ಒಳಗೆ ಅನ್ನದ ಗಡಿಗೆಯ ಹಬೆಯಂಥ ಬಿಸಿ. ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದ ಶಿವಕಾಂತಮ್ಮ ಒಮ್ಮೆಯೂ ಅಲ್ಲಿ ಕೈಯಿಟ್ಟು ನೋಡಿರಲಿಲ್ಲ. ಬೇಗಂ ಆ ಬಗ್ಗೆ ಏನೂ ಅನ್ನಲಿಲ್ಲ. ಅದಕ್ಕಾಗಿ ಶಿವಕಾಂತಮ್ಮ ಅವರನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಳು.

ಸಲಹೆ ಬಂತು. ಗೊನೆಯನ್ನು ಬೆಳಗಿನ ತಂಪಿನಲ್ಲಿ ಕಡಿದು ನೆರಳಲ್ಲಿ ತೂಗುಹಾಕಬೇಕು, ರಾಶಿ ಹಾಕಬಾರದು. ತೊಗರಿ ಕಟ್ಟಿಗೆಯ ಬುಟ್ಟಿಯಲ್ಲಿ ಒಣಗಿದ ಬಾಳೆ ಎಲೆ ಹಾಸಿ ತುಂಬಬೇಕು. ಆ ಬುಟ್ಟಿಯ ಸಂದಿಯಲ್ಲಿ ಗಾಳಿ ಆಡುತ್ತದೆ. ಮತ್ತು ಗೊನೆಯನ್ನು ಈಗ ಕಡಿಯುವುದಕ್ಕಿಂತ ಬಹಳ ಮೊದಲೇ, ಕಾಯಿಯ ಏಣು, ಅಂದರೆ ಮೈಮೇಲಿನ ಉದ್ದನೆಯ ಅಂಚು, ಚೂಪಾಗಿರುವಾಗಲೇ ಕಡಿಯಬೇಕು. ಮುಂಬೈಗೆ ದೂರದಿಂದ ಬರುವ ಬಾಳೆಯನ್ನು ಹಾಗೆಯೇ ಕಡಿಯುತ್ತಾರೆ, ದಾರಿಯಲ್ಲಿ ಮಾಗುತ್ತದೆ ಎಂದರು.

ಕೊನೆಯ ಮಾತು ಕೇಳಿ ಶಿವಕಾಂತಮ್ಮನ ಮನಸ್ಸು ಒಂದು ಕ್ಷಣ ಅಳುಕಿತು. ಕೆಂಬಾಳೆಯ ಏಣು ಚೂಪಾಗಿದ್ದಾಗ ಯಾರೂ ಕತ್ತಿ ಇಟ್ಟದ್ದನ್ನು ಆಕೆ ಕಂಡಿರಲಿಲ್ಲ. ಆದರೆ ಮುಂಬೈಯ ಪೇಟೆ ಕಂಡವರ ಮುಂದೆ ತಾನೇನು ಹೇಳುವುದು? ಹೂಂ ಎಂದಳು.

ಕುಸನೂರಿನ ಬುಟ್ಟಿ ಹೆಣೆಯುವವರಿಂದ ಬುಟ್ಟಿಗಳು ಬಂದವು. ಹೇಳಿದ ಹಾಗೆ ಕಡಿದು, ತೂಗುಹಾಕಿ, ತುಂಬಿ, ಹೈದರಾಬಾದಿನ ವ್ಯಾಪಾರಿಯೊಬ್ಬನಿಗೆ ಕಳಿಸಿದರು. ವಾರ ಕಳೆಯುವುದರೊಳಗೆ ತಂತಿ ಬಂತು. ಹಣ್ಣು ಕಪ್ಪಾಗಿರಲಿಲ್ಲ. ಹಣ್ಣೇ ಆಗಿರಲಿಲ್ಲ. ಕಟ್ಟಿಗೆಯಂತೆ ಬಿರುಸಾಗಿ, ಸಿಪ್ಪೆ ಸುಕ್ಕುಗಟ್ಟಿ, ಒಳಗೆ ಒಗರಾಗಿಯೇ ಉಳಿದಿತ್ತು. ಇನ್ನು ಮುಂದೆ ಕಳಿಸಬೇಡಿ ಎಂದು ವ್ಯಾಪಾರಿ ಬರೆಸಿದ್ದ. ದೌಲಪ್ಪ ಜಗಳ ಮಾಡಲಿಲ್ಲ. ಹತ್ತಿಬೀಜಕ್ಕೆ ಯಾರಿಗೆ ಹೇಳಲಿ ಎಂದಷ್ಟೇ ಕೇಳಿದ. ಜಗಳವಾಡಿದ್ದರೆ ಶಿವಕಾಂತಮ್ಮನಿಗೆ ಇದಕ್ಕಿಂತ ಸಮಾಧಾನವಾಗುತ್ತಿತ್ತು.

ಲೆಕ್ಕ ಚುಕ್ತಾ ಮಾಡಿ ಬರುತ್ತೇನೆಂದು ಆಕೆ ಮೋಮಿನಪುರಕ್ಕೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದಳು. ಆದರೆ ಪರದೆ ಸರಿಸಿ ಒಳಗೆ ಕಾಲಿಡುತ್ತಿದ್ದಂತೆ ಬೇಗಂ ಎದ್ದು ನಿಂತರು. ಹಣಮಂತರಾಯರಿಂದ ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ತಪ್ಪು ನಂದು," ಎಂದರು. "ಹಸಿರು ಬಾಳೆ ಕಂಡ ಕಣ್ಣಿಲೆ ಕೆಂಪ ಬಾಳೆ ನೋಡಿದೆ. ನೀವು ನನ್ನ ಬಿಟ್ಟು ಹೋಗ್ತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಹೋಗೂದಕ್ಕಿಂತ ಮೊದಲ ಒಂದು ಮಾತು ಖರೇ ಹೇಳ್ರಿ. ಏಣು ಚೂಪ ಇದ್ದಾಗ ಕಡೀರಿ ಅಂತ ನಾ ಅಂದಾಗ, ನಿಮ್ಮ ಮನಸಿಗೆ ಏನೂ ಅನಸಲಿಲ್ಲೇನು?"

ಶಿವಕಾಂತಮ್ಮನಿಗೆ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಅನಿಸಿತ್ತು," ಎಂದಳು.

"ಮತ್ತ ಯಾಕ ಹೇಳಲಿಲ್ಲ?"

"ನೀವು ತಿಳದವರು. ತಿಳದವರ ಮುಂದ ನಾ ಏನ ಹೇಳ್ಲಿ?"

ಬೇಗಂ ಕೂತರು, ಆಕೆಯನ್ನೂ ಕೂರಿಸಿದರು. "ಕೇಳ್ರಿ ಶಿವಕಾಂತಮ್ಮಾ. ನನಗ ಪೇಟೆ ಗೊತ್ತದ, ನಿಮಗ ತೋಟ ಗೊತ್ತದ. ನೀವು ಬರೀ ಹೂಂ ಅಂದ್ರ ನನಗ ಅರ್ಧ ಕಣ್ಣು ಹೋದಂಗ. ನಾ ಹೇಳಿದ್ದು ತಪ್ಪು ಅನಿಸಿದ್ರ ಅಲ್ಲೇ ತಡೀರಿ. ನನಗ ಸಿಟ್ಟು ಬರ್ತದ, ಬರ್ಲಿ. ಸಿಟ್ಟು ಇಳದ ಮ್ಯಾಲ ಇಬ್ಬರೂ ಕೂಡಿ ನೋಡೂಣು."

ಶಿವಕಾಂತಮ್ಮ ಅವರ ಮುಖವನ್ನೇ ನೋಡಿದಳು. ತಪ್ಪಾಯಿತೆಂದು ಹೇಳುವಾಗ ಆ ಮುಖದಲ್ಲಿ ಕುಗ್ಗು ಇರಲಿಲ್ಲ, ನೆಪದ ನೆರಳೂ ಇರಲಿಲ್ಲ. ತನ್ನ ಮಾವ, ಗಂಡ, ಊರಿನ ಗೌಡರು, ಮಠದ ಹಿರಿಯರು, ಇಷ್ಟು ಜನರನ್ನು ಕಂಡಿದ್ದಳು. ತಾನೇ ಬಾಯಿಬಿಟ್ಟು ಕೇಳುವ ಮೊದಲೇ ತಪ್ಪು ನನ್ನದು ಎಂದವರನ್ನು ಕಂಡಿರಲಿಲ್ಲ. ಬಿಟ್ಟು ಹೋಗುವ ಯೋಚನೆ ಅಲ್ಲಿಗೇ ನಿಂತಿತು. ಹಾಗಾದರೆ ಈಗ ಏನು ಮಾಡೋಣ ಎಂದು ಕೇಳಿದಳು.

ನನಗೆ ಗೊತ್ತಿಲ್ಲ, ಹಣ್ಣನ್ನೇ ಕೇಳೋಣ ಎಂದರು ಬೇಗಂ.

ಅವರಿಬ್ಬರೂ ಕೂತು ಹೊಂದಿಸಿದ ಕೆಲಸ ಹೀಗಿತ್ತು. ತೋಟದ ಬೇರೆ ಬೇರೆ ಭಾಗದಲ್ಲಿ, ಬೇರೆ ಬೇರೆ ಬಲಿತದ ಗೊನೆಗಳಿಗೆ ಬಣ್ಣದ ನೂಲು ಕಟ್ಟುವುದು. ಎಳೆಯದಕ್ಕೆ ಒಂದು ಬಣ್ಣ, ಏಣು ಮಾಸಿದ್ದಕ್ಕೆ ಇನ್ನೊಂದು, ಪೂರ್ತಿ ದುಂಡಗಾದದ್ದಕ್ಕೆ ಮತ್ತೊಂದು. ಕಡಿದ ಗೊನೆಗಳನ್ನು ಬುಟ್ಟಿಯಲ್ಲಿ ತುಂಬಿ ಬಂಡಿಯಲ್ಲಿ ಮೋಮಿನಪುರಕ್ಕೆ ತರುವುದು. ಹೈದರಾಬಾದಿಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಬೇಗಂ ಅವರ ಮನೆಯಲ್ಲಿ ಬುಟ್ಟಿ ಬಿಚ್ಚದೆ ಇಟ್ಟು, ಆಮೇಲೆ ತೆರೆದು ನೋಡುವುದು. ಹಾಳಾದರೆ ಮನೆಯೊಳಗೇ ಹಾಳಾಗುತ್ತದೆ, ಪೇಟೆಯಲ್ಲಿ ಹೆಸರು ಕೆಡುವುದಿಲ್ಲ.

ಗೊನೆ ತರುವ ಕೆಲಸ ದೌಲಪ್ಪನ ಪಾಲಿಗೆ ಬಂತು. ಒಲ್ಲದ ಮನಸ್ಸಿನಿಂದಲೇ ಶುರು ಮಾಡಿದ. ಪರದೆಯ ಈಚೆ ಬುಟ್ಟಿ ಇಳಿಸಿ, ನೀರು ಕುಡಿದು, ಎದ್ದುಬಿಡುತ್ತಿದ್ದ. ಬೇಗಂ ಬಿಡುತ್ತಿರಲಿಲ್ಲ. ಈ ಗೊನೆಯನ್ನು ನೀವಾಗಿದ್ದರೆ ಇನ್ನೆಷ್ಟು ದಿನ ಗಿಡದಲ್ಲಿ ಬಿಡುತ್ತಿದ್ದಿರಿ ಎಂದು ಕೇಳುತ್ತಿದ್ದರು. ಅವನು ಹೇಳಿದ್ದು ಒಮ್ಮೆ ಸರಿಯಾಗುತ್ತಿತ್ತು, ಒಮ್ಮೆ ತಪ್ಪುತ್ತಿತ್ತು. ಬೇಗಂ ಹೇಳಿದ್ದೂ ಹಾಗೆಯೇ. ಬುಟ್ಟಿ ಬಿಚ್ಚುವ ದಿನ ಯಾರದು ಸರಿಯಾಯಿತೆಂದು ನೋಡಲು ಅವನು ಕರೆಯದೆಯೂ ಬರತೊಡಗಿದ. ಕಾಲುವೆಯ ಬದಿಯ ಗೊನೆಗಳು ನಿಧಾನ ಮಾಗುತ್ತವೆ, ಬೋಳುಗುಡ್ಡದ ಕಡೆಯವು ಬೇಗ ಎಂದು ಅವನು ಕಂಡುಕೊಂಡು ಬಂದು ಹೇಳಿದ ದಿನ, ಬೇಗಂ ಪರದೆಯ ಆಚೆಯಿಂದ, ಇದು ನನಗಾಗಲಿ ನಿಮ್ಮ ಅತ್ತಿಗೆಗಾಗಲಿ ಹೊಳೆದಿರಲಿಲ್ಲ ಎಂದು ನೇರವಾಗಿ ಒಪ್ಪಿದರು. ಊರಿಗೆ ಬಂದ ದೌಲಪ್ಪ ಆ ಮಾತನ್ನು ಅತ್ತಿಗೆಗೆ ಹೇಳಲಿಲ್ಲ. ಅದು ಆಕೆಗೆ ಗೊತ್ತಾದದ್ದು ಜಾಹೇದಾಳಿಂದ. ಆದರೆ ಆ ತಿಂಗಳಿಂದ ಹತ್ತಿಯ ಮಾತು ಮನೆಯಲ್ಲಿ ಕಡಿಮೆಯಾಯಿತು.

ಜಾಹೇದಾಳ ಪಾಡು ಬೇರೆ. ಮನೆತುಂಬ ಬಾಳೆ. ಹಣ್ಣಾದದ್ದನ್ನು ಬೀದಿಯವರಿಗೆಲ್ಲ ಹಂಚಿ ಸಾಕಾಗಿ, ಮಸೀದಿಗೂ ಕಳಿಸಿ, ಕೊನೆಗೆ ಹಾಲಿಗೆ ಹಾಕಿ ಕುದಿಸಿ ಒಂದು ಸಿಹಿ ಮಾಡುವುದನ್ನು ತಾನೇ ಕಂಡುಹಿಡಿದಳು. ಮೋಮಿನಪುರದ ಆ ಓಣಿಯಲ್ಲಿ ಬಹಳ ದಿನ ಆ ಸಿಹಿಯ ಮಾತಿತ್ತು.

ದಾರಿ ಸಿಕ್ಕಿತು. ಏಣು ಅರ್ಧ ಮಾಸಿ, ಬೆರಳಾಡಿಸಿದರೆ ಇದೆಯೋ ಇಲ್ಲವೋ ಅನ್ನುವಂತಿರುವಾಗ ಕಡಿದರೆ, ಬುಟ್ಟಿ ತೆರೆಯುವ ಹೊತ್ತಿಗೆ ಕಾಯಿ ಬಿಗಿಯಾಗಿಯೇ ಇದ್ದು, ಮುಂದಿನ ನಾಲ್ಕಾರು ದಿನಗಳಲ್ಲಿ ಒಂದೇ ಸಮ ಮಾಗುತ್ತಿತ್ತು. ಕಾಲುವೆ ಬದಿಯದಕ್ಕೆ ಇನ್ನೊಂದಿಷ್ಟು ಕಾಯಬೇಕು. ಬಂಡಿಗೆ ಗೋಣಿತಟ್ಟಿನ ಬದಲು ಚಾಪೆಯ ಕಮಾನು ಕಟ್ಟಿದರು.

ಈ ಸಲದ ಮಾಲಿನ ಜೊತೆ ನೀವೇ ಹೈದರಾಬಾದಿಗೆ ಹೋಗಬೇಕು ಎಂದು ಬೇಗಂ ಹೇಳಿದರು. ಶಿವಕಾಂತಮ್ಮ ಅಲ್ಲಿಯವರೆಗೆ ರೈಲು ಹತ್ತಿರಲಿಲ್ಲ. ನೀವು ಬನ್ನಿ ಎಂದರೆ ಬೇಗಂ ಒಪ್ಪಲಿಲ್ಲ. ತೋಟದವರ ಮುಖವನ್ನು ಪೇಟೆ ಒಮ್ಮೆ ಕಾಣಬೇಕು, ನಾನು ನಡುವೆ ನಿಂತರೆ ಅವರು ನನ್ನನ್ನೇ ಕಾಣುತ್ತಾರೆ ಎಂದರು. ಹೋಗುವ ಮೊದಲು ಒಂದು ಸಲಹೆ ಕೊಟ್ಟರು. ಹೈದರಾಬಾದಿನಲ್ಲಿ ದೊಡ್ಡ ವ್ಯಾಪಾರಿಯೊಬ್ಬನಿದ್ದಾನೆ, ಸರದಾರರ ಮನೆಗಳಿಗೆ ಹಣ್ಣು ಕೊಡುವವನು, ವರ್ಷದ ಮಾಲನ್ನೆಲ್ಲ ಒಬ್ಬನೇ ಕೊಳ್ಳಬಲ್ಲ. ಅವನು ಒಪ್ಪಿದರೆ ಅವನಿಗೇ ಕೊಟ್ಟುಬಿಡಿ, ದಿನಾ ಪೇಟೆಯ ಚಿಂತೆ ಇರುವುದಿಲ್ಲ ಎಂದರು.

ಶಿವಕಾಂತಮ್ಮ ಮತ್ತು ದೌಲಪ್ಪ ಹೊರಟರು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕಿತ್ತು. ಅಲ್ಲಿ ಇಳಿದು ನಿಂತ ಶಿವಕಾಂತಮ್ಮನ ಕಣ್ಣೆದುರಿಗೇ ಹಮಾಲರು ಬುಟ್ಟಿಗಳನ್ನು ಒಬ್ಬರಿಂದೊಬ್ಬರಿಗೆ ಎಸೆಯತೊಡಗಿದರು. ಕಮಲಾಪುರದಿಂದ ಕೂಸನ್ನು ತಂದಂತೆ ತಂದ ಹಣ್ಣು. ಅಳು ಬರುವಂತಾಯಿತು. ಆದರೆ ಆಕೆ ಅಳಲಿಲ್ಲ, ಕೂಗಲೂ ಇಲ್ಲ. ಹಮಾಲರ ಮುಖ್ಯಸ್ಥನ ಹತ್ತಿರ ಹೋಗಿ, ಎಸೆಯದೆ ಒಯ್ಯಲು ನಿನಗೇನು ತೊಂದರೆ ಎಂದು ಕೇಳಿದಳು. ತೆಲುಗು ಬೆರೆತ ಮಾತಿನಲ್ಲಿ ಅವನು, ಬುಟ್ಟಿಗೆ ಹಿಡಿಯಲು ಏನೂ ಇಲ್ಲ, ಕಟ್ಟಿಗೆ ಕೈಗೆ ಚುಚ್ಚುತ್ತದೆ, ಅದಕ್ಕೇ ಎಸೆಯುತ್ತೇವೆ ಎಂದ. ಅವನ ಅಂಗೈ ನೋಡಿದಳು, ಗೀರುಗಳಿದ್ದವು. ಮುಂದಿನ ಸಲ ಎರಡೂ ಕಡೆ ಹಗ್ಗದ ಹಿಡಿಕೆ ಇರುತ್ತದೆ ಎಂದು ಮಾತು ಕೊಟ್ಟಳು. ಆ ಒಂದು ಮಾತಿಗೇ ಅವನು ಉಳಿದ ಬುಟ್ಟಿಗಳನ್ನು ಹೊರಿಸಿ ಕಳಿಸಿದ. ಎದುರಿನವರಿಗೆ ಏನು ಕಷ್ಟ ಎಂದು ಮೊದಲು ಕೇಳುವ ಈ ರೀತಿ ತನಗೆ ಎಲ್ಲಿಂದ ಬಂತು ಎಂದು ಗಾಡಿಯಲ್ಲಿ ಕೂತ ಮೇಲೆ ಯೋಚಿಸಿ, ತನ್ನಷ್ಟಕ್ಕೆ ನಕ್ಕಳು.

ಹೈದರಾಬಾದಿನಲ್ಲಿ ಬುಟ್ಟಿ ತೆರೆದಾಗ ಹಣ್ಣು ಹೇಗೆ ತುಂಬಿತ್ತೋ ಹಾಗೇ ಇತ್ತು. ಎಸೆದವುಗಳಲ್ಲಿ ಮಾತ್ರ ಒಂದಿಷ್ಟು ನಜ್ಜಾಗಿತ್ತು. ದೊಡ್ಡ ವ್ಯಾಪಾರಿ ಒಂದನ್ನು ಎತ್ತಿ, ಮೂಸಿ, ಬೆರಳಲ್ಲಿ ಒತ್ತಿ ನೋಡಿ, ವರ್ಷದ ಮಾಲು ಪೂರ್ತಿ ತನಗೇ ಬೇಕು ಎಂದ. ಒಂದೇ ಕರಾರು, ಕಲಬುರಗಿಯ ಪೇಟೆಗೆ ಒಂದು ಚಿಪ್ಪೂ ಹೋಗಬಾರದು, ಬೇರೆ ಯಾರಿಗೂ ಕೊಡಬಾರದು. ದೌಲಪ್ಪ ಹಿಗ್ಗಿ ಅತ್ತಿಗೆಯ ಮುಖ ನೋಡಿದ. ಬೇಗಂ ಹೇಳಿದ್ದೂ ಇದನ್ನೇ.

ಶಿವಕಾಂತಮ್ಮ ಆ ಮನುಷ್ಯ ತನ್ನ ಆಳುಗಳ ಜೊತೆ ಮಾತಾಡುವುದನ್ನು ನೋಡುತ್ತಿದ್ದಳು. ಅಂಗಳದಲ್ಲಿ ಇನ್ನೊಬ್ಬ ಮಾವಿನ ತೋಟದವನು ಬೆಳಗಿನಿಂದ ಕಾಯುತ್ತ ಕೂತಿದ್ದ. ಅವನು ಈ ವ್ಯಾಪಾರಿಯೊಬ್ಬನಿಗೇ ಮಾಲು ಬರೆದುಕೊಟ್ಟವನು, ಈಗ ಬೇರೆಲ್ಲೂ ಹೋಗಲಾರದವನು. ಕಲಬುರಗಿಯಲ್ಲಿ ಶರಣಬಸವೇಶ್ವರನ ಗುಡಿಯ ಮುಂದೆ ತನ್ನ ಹಣ್ಣನ್ನೇ ಕೇಳಿ ಕೊಳ್ಳುವ ಜನ ಆಕೆಗೆ ನೆನಪಾದರು. ಬೇಡ ಎಂದಳು. ನಿಮಗೆ ಅರ್ಧ ಕೊಡುತ್ತೇನೆ, ಪೂರ್ತಿ ಇಲ್ಲ ಎಂದಳು. ವ್ಯಾಪಾರಿ ಅರ್ಧಕ್ಕೆ ಒಪ್ಪಲಿಲ್ಲ. ಅತ್ತಿಗೆ ಮೈದುನ ಇಬ್ಬರೂ ಎದ್ದು ಬಂದರು. ತಂದ ಹಣ್ಣನ್ನು ಸಿಕಂದರಾಬಾದಿನ ಚಿಕ್ಕ ಅಂಗಡಿಗಳಿಗೆ ಅಲೆದಾಡಿ ಕೊಟ್ಟರು.

ಮರಳುವಾಗ ದೌಲಪ್ಪ ಅತ್ತಿಗೆಗೆ ಬೆನ್ನು ಹಾಕಿ ಕಿಟಕಿಯ ಕಡೆ ಕೂತ. ಶಿವಕಾಂತಮ್ಮ ಕಮಲಾಪುರಕ್ಕೆ ಹೋಗದೆ ನೇರ ಮೋಮಿನಪುರಕ್ಕೆ ಹೋದಳು. ಆಗಿದ್ದನ್ನೆಲ್ಲ ಹೇಳಿ, ನಿಮ್ಮ ಮಾತು ಮೀರಿದೆ ಎಂದಳು.

ಬೇಗಂ ಅವರಿಗೆ ಸಿಟ್ಟು ಬಂತು. ಅದನ್ನು ಮುಚ್ಚಿಡಲಿಲ್ಲ. ಅಂಥ ಗಿರಾಕಿ ಮತ್ತೆ ಸಿಗುವುದು ಕಷ್ಟ, ಮೊದಲ ವರ್ಷ ಬೇರೂರಿದ ಮೇಲೆ ಕರಾರು ಬದಲಿಸಬಹುದಿತ್ತು, ಚಿಲ್ಲರೆ ಅಂಗಡಿಗಳ ಬೆನ್ನು ಹತ್ತಿದರೆ ವಸೂಲಿಯ ಓಡಾಟ ನೋಡಿದ್ದೀರಾ ಎಂದು ಒಂದೊಂದಾಗಿ ಹೇಳಿದರು. ಶಿವಕಾಂತಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಅಂಗಳದಲ್ಲಿ ಕಾಯುತ್ತ ಕೂತಿದ್ದ ಮಾವಿನವನ ಬಗ್ಗೆ ಹೇಳಿದಳು. ಜಾಹೇದಾ ಬಾಗಿಲಲ್ಲಿ ನಿಂತು, ಇಬ್ಬರೂ ಹೀಗೆ ಮಾತಾಡುವುದನ್ನು ಮೊದಲ ಸಲ ಕೇಳಿದಳು. ಕೊನೆಗೆ ಬೇಗಂ ವಾದ ಬಿಟ್ಟರು.

"ನಿಮ್ಮ ಜಾಗಾದಾಗ ನಾ ಇದ್ದಿದ್ರ ಒಪ್ಕೊಂಡು ಬರ್ತಿದ್ದೆ," ಎಂದರು. "ಈಗೂ ನನಗ ಹಂಗೇ ಅನಸ್ತದ. ಆದರ ಜಾಗಾ ನಿಮ್ದು, ತೋಟ ನಿಮ್ದು. ಆತು. ಚಿಕ್ಕ ಅಂಗಡಿ ಅಂದ್ರ ಚಿಕ್ಕ ಅಂಗಡಿ. ಯಾವ್ಯಾವ ಅಂಗಡಿ, ಮಾಲಕರು ಹ್ಯಾಂಗ ಮಾತಾಡಿದ್ರು, ಒಂದೂ ಬಿಡದಂಗ ಹೇಳ್ರಿ."

ಆ ಮೇಲೆ ಅವರು ಮಾಡಿದ ಕೆಲಸವನ್ನು ಶಿವಕಾಂತಮ್ಮ ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದಳು. ತನಗೆ ಒಪ್ಪಿಗೆಯಿಲ್ಲದ ದಾರಿಗೆ ಬೇಗಂ ತನ್ನದೇ ದಾರಿ ಎಂಬಂತೆ ಕಲ್ಲು ಮುಳ್ಳು ಆರಿಸಿದರು. ತಂದೆಯ ಕಾಲದ ಪರಿಚಯದವರ ಮೂಲಕ ಸಿಕಂದರಾಬಾದಿನಲ್ಲಿ ನಂಬಿಕಸ್ಥರಾದ ಮೂರು ಅಂಗಡಿಯವರನ್ನು ಗೊತ್ತು ಮಾಡಿದರು. ಯಾವ ವಾರ ಯಾರಿಗೆ ಎಂದು ಹೊಂದಿಸಿಕೊಟ್ಟರು. ವಾಡಿಯ ಹಮಾಲರಿಗೆ ಹಿಡಿಕೆಯ ಬುಟ್ಟಿ ಮುಟ್ಟಿತೇ ಎಂದು ಹಣಮಂತರಾಯರ ಮೂಲಕ ವಿಚಾರಿಸಿದರು. ಚಿಕ್ಕ ಅಂಗಡಿಗಳ ಓಡಾಟದ ಬಗ್ಗೆ ಅವರು ಹೇಳಿದ್ದೂ ನಿಜವಾಯಿತು. ಆ ವರ್ಷ ದೌಲಪ್ಪ ಸಿಕಂದರಾಬಾದಿಗೆ ಹೋಗಿ ಬಂದು ಹೋಗಿ ಬಂದು ಮೆಟ್ಟು ಸವೆಸಿದ. ಹಾಗೆಂದು ಬೇಗಂ ಒಮ್ಮೆಯೂ 'ನಾ ಹೇಳಿರಲಿಲ್ಲವೇ' ಎನ್ನಲಿಲ್ಲ. ದೊಡ್ಡ ವ್ಯಾಪಾರಿಗೆ ಕೊಟ್ಟಿದ್ದರೆ ಹೆಚ್ಚು ಒಳ್ಳೆಯದಾಗುತ್ತಿತ್ತೋ ಏನೋ, ಅದನ್ನು ತಿಳಿಯುವ ದಾರಿ ಯಾರಿಗೂ ಇರಲಿಲ್ಲ. ಹಣ್ಣು ಕೆಡದೆ ಹೋಯಿತು, ಕಲಬುರಗಿಯ ಪೇಟೆಗೂ ಸಾಕಷ್ಟು ಉಳಿಯಿತು. ಯುಗಾದಿ ಬಂದಾಗ ದೌಲಪ್ಪ ಹೊಸ ಬಾಳೆಯ ಕಂದುಗಳನ್ನು ಎಲ್ಲಿ ನೆಡಬೇಕು ಎಂದು ನೆಲ ಅಳೆಯುತ್ತಿದ್ದ.

ಮರುವರ್ಷ ಕಮಲಾಪುರದ ಉಳಿದ ತೋಟದವರಿಗೆ ಕುತೂಹಲ ಹುಟ್ಟಿತು. ಪಕ್ಕದ ತೋಟದ ದೇವಿಂದ್ರಪ್ಪ ಒಂದು ದಿನ ಶಿವಕಾಂತಮ್ಮನ ಮನೆಗೆ ಬಂದು ಸಂಕೋಚದಿಂದಲೇ ಬಾಯಿಬಿಟ್ಟ. ಅವನು ಬೇಗಂ ಅವರ ಹತ್ತಿರ ಎರಡು ಸಲ ಹೋಗಿ ಬಂದಿದ್ದನಂತೆ. ಕೇಳಿದ ಸಂಭಾವನೆಗಿಂತ ಹೆಚ್ಚು ಕೊಡುತ್ತೇನೆ ಎಂದಿದ್ದನಂತೆ. ಬೇಗಂ, ಕೆಂಬಾಳೆಯ ಬಗ್ಗೆ ನಾನು ಕಲಿತದ್ದು ಶಿವಕಾಂತಮ್ಮನ ತೋಟದಲ್ಲಿ, ಆಕೆಯ ಹಣ್ಣು ಹಾಳುಮಾಡಿ, ಅದು ಆಕೆಯ ಸೊತ್ತು, ಆಕೆ ಹೇಳದೆ ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರಂತೆ.

ಶಿವಕಾಂತಮ್ಮನಿಗೆ ಇದೆಲ್ಲ ಹೊಸ ಸುದ್ದಿ. ಅಷ್ಟು ತಿಂಗಳಲ್ಲಿ ಬೇಗಂ ಈ ಬಗ್ಗೆ ಒಂದು ಸೊಲ್ಲೂ ಎತ್ತಿರಲಿಲ್ಲ. ಹೇಳಿದ್ದರೆ ಅದು ಉಪಕಾರ ತೋರಿಸಿದ ಹಾಗಾಗುತ್ತಿತ್ತು. ಆಕೆ ದೇವಿಂದ್ರಪ್ಪನನ್ನು ಕೂರಿಸಿ, ಒಳಗೆ ಹೋದಳು. ದೌಲಪ್ಪನನ್ನು ಕರೆದು, ಇವರಿಗೂ ಹೇಳಿಕೊಡಬಹುದೇ ಎಂದು ಕೇಳಿದಳು. ಒಬ್ಬರದೇ ಬಂಡಿ ಹೋಗುವುದಕ್ಕಿಂತ ನಾಲ್ಕು ಬಂಡಿ ಕೂಡಿ ಹೋದರೆ ರೈಲಿನವರು ಒಂದು ಡಬ್ಬಿಯನ್ನೇ ಕೊಟ್ಟಾರು ಎಂದು ಅವನು ಹೇಳಿದ. ಅದು ಸರಿಯೆನಿಸಿತು. ಮರುವಾರ ಆಕೆಯೇ ದೇವಿಂದ್ರಪ್ಪನನ್ನು ಮೋಮಿನಪುರಕ್ಕೆ ಕರೆದುಕೊಂಡು ಹೋದಳು.

ಆ ಹಂಗಾಮಿನಿಂದ ಕಮಲಾಪುರದ ಬಂಡಿಗಳು ಚಾಪೆಯ ಕಮಾನು ಹೊದ್ದು ಒಟ್ಟಿಗೆ ಹೊರಡತೊಡಗಿದವು. ಯಾರ ಬಂಡಿ ಮೊದಲು ತುಂಬಬೇಕು, ಡಬ್ಬಿಯಲ್ಲಿ ತಂಪಿನ ಮೂಲೆ ಯಾರಿಗೆ ಎಂಬ ಹೊಸ ತಕರಾರುಗಳು ಹುಟ್ಟಿದವು. ಬೇಗಂ ಅವರ ಮೊಣಕಾಲು ಸೋತಿದ್ದರಿಂದ ಅವರು ಕಮಲಾಪುರಕ್ಕೆ ಬರುವುದು ನಿಂತಿತ್ತು. ಕೆಲಸ ಇರಲಿ ಇಲ್ಲದಿರಲಿ ಶಿವಕಾಂತಮ್ಮನೇ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು. ಅವರು ಅಡಿಕೆ ಕತ್ತರಿಸುತ್ತಿದ್ದರು, ಈಕೆ ಎಲೆ ಒರೆಸಿ ಜೋಡಿಸುತ್ತಿದ್ದಳು.

ಅಂಥ ಒಂದು ದಿನ ತಂಪಿನ ಮೂಲೆಯ ತಕರಾರನ್ನು ಶಿವಕಾಂತಮ್ಮ ವಿವರಿಸಿದಳು. ಬೇಗಂ ಯೋಚಿಸಿ, ಸರದಿಯ ಮೇಲೆ ಕೊಡಿ, ಪ್ರತಿ ಸಲ ಒಬ್ಬೊಬ್ಬರಿಗೆ ಎಂದರು.

"ಅದು ನಡಿಯಂಗಿಲ್ರೀ," ಎಂದಳು ಶಿವಕಾಂತಮ್ಮ.

"ಯಾಕ?"

"ದೇವಿಂದ್ರಪ್ಪಂದು ಬೋಳುಗುಡ್ಡದ ಕಡಿ ತೋಟ. ಅವನ ಹಣ್ಣು ಬ್ಯಾಗ ಮಾಗ್ತದ. ತಂಪು ಅವಂಗೇ ಬೇಕು. ಉಳದವರಿಗೆ ಅದನ್ನ ಹ್ಯಾಂಗ ಒಪ್ಪಸ್ಬೇಕು ಅನ್ನೂದು ಹೇಳ್ರಿ."

ಬೇಗಂ ಅಡಿಕೆಯ ಕತ್ತರಿಯನ್ನು ಕೆಳಗಿಟ್ಟರು. ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ಉಳಿದ ತೋಟದವರು ಯಾರು ಯಾರು, ಅವರಲ್ಲಿ ಯಾರ ಮಾತನ್ನು ಯಾರು ಕೇಳುತ್ತಾರೆ ಎಂದು ವಿಚಾರಿಸತೊಡಗಿದರು. ಜಾಹೇದಾ ಎರಡನೆಯ ಸಲ ಚಹಾ ತಂದಿಟ್ಟಳು. ಹೊರಗೆ ಬಂಡಿ ಹೂಡಿಕೊಂಡು ಕಾಯುತ್ತಿದ್ದ ದೌಲಪ್ಪ, ಇವತ್ತೂ ಹೊತ್ತಾಗುತ್ತದೆಂದು ತಿಳಿದು, ಎತ್ತುಗಳ ಕೊರಳು ಬಿಚ್ಚಿ ಅವುಗಳ ಮುಂದೆ ಮೇವು ಹಾಕಿದ.